ಸೀಜ್ ಆದ ಮರ ಕೊಯ್ಯುವ ಮಿಷನ್ ಮತ್ತೆ ಕಟ್ಟಿದ್ದು, ಪವರ್ ಸಹ ಏರಿಸಿದ್ದು

ನಮಸ್ಕಾರ, ಪೆರ್ಲದಿಂದ. ಹಿಂದೆ ಗಡಗಡ ಕೇಳ್ತಾ ಉಂಟಲ್ಲ, ಅದು ಆಚೆ ಮನೆಯ ಅಡಿಕೆ ಸುಲಿಯುವ ಮಿಷನ್, ಶೂಟ್ ಮಾಡಿದ ಎರಡು ದಿನವೂ ನಿಲ್ಲಲಿಲ್ಲ, ಹಾಗಾಗಿ ಮಾತು ಈಗ ರಾತ್ರಿ ಕೂತು ಬೇರೆ ರೆಕಾರ್ಡ್ ಮಾಡುದು.

ಇದು ನಮ್ಮ 58 ಸಿಸಿ ಮಿಷನ್. ನಾಲ್ಕು ವರ್ಷದ ಹಿಂದೆ 6,500 ಕೊಟ್ಟು ತಂದದ್ದು. ಮಳೆಗಾಲದ ಗಾಳಿಗೆ ಗುಡ್ಡೆ ಬದಿಯ ಹೆಬ್ಬಲಸು ಬಿತ್ತು, ಅದನ್ನು ಕಳೆದ ತಿಂಗಳು ಕೊಯ್ತಾ ಇರುವಾಗ ಒಮ್ಮೆಲೇ ಸೌಂಡು ಸಪೂರ ಆಯ್ತು, ಕಟ್ಟಾಯ್ತು, ಮತ್ತೆ ಹಗ್ಗ ಎಳೆದ್ರೆ ಅಲುಗಾಡುದಿಲ್ಲ. ಸೀಜ್ ಅಂದ್ರೆ ಇದೇ, ಪಿಸ್ಟನ್ ಸಿಲಿಂಡರಿನ ಒಳಗೆ ಕಚ್ಚಿ ಹಿಡಿದದ್ದು. ಈ ಹೆಬ್ಬಲಸು ಉಂಟಲ್ಲ, ಸಣ್ಣ ಇರುವಾಗ ಇದರ ಹಣ್ಣಿಗೆ ಎಷ್ಟು ಕಾದಿದ್ದೇವೆ, ಮುಷ್ಟಿಯಷ್ಟೇ ಹಣ್ಣು, ಒಳಗೆ ಸಣ್ಣ ಸಣ್ಣ ಸೊಳೆ, ಬೀಜ ಹುರಿದು ತಿಂದ್ರೆ ಬೇರೆಯೇ ರುಚಿ, ಈಗ ಮೇಲೆ ಹತ್ತಿ ಕೊಯ್ಯುವವರೇ ಇಲ್ಲ, ಮರ ಬಿದ್ದದ್ದು ನೋಡಿ ಅಪ್ಪ ಎರಡು ದಿನ ಸರಿ ಮಾತಾಡ್ಲಿಲ್ಲ... ಆಯ್ತು, ಸೈಲೆನ್ಸರ್ ಬಿಚ್ಚಿ ಆಯ್ತು, ಇಲ್ಲಿ ನೋಡಿ.

ಪಿಸ್ಟನ್ನಿಗೆ ಗೀರು ಬಿದ್ದದ್ದು ಸೈಲೆನ್ಸರ್ ಬದಿಯಲ್ಲಿ ಮಾತ್ರ. ಆಯಿಲ್ ಹಾಕದೆ ಬರೀ ಪೆಟ್ರೋಲಲ್ಲಿ ಓಡಿಸಿದ್ರೆ ಸುತ್ತಲೂ ಬೀಳ್ತದೆ. ಈ ಬದಿ ಮಾತ್ರ ಅಂದ್ರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಮ್ಮಿ ಆದದ್ದು, ಅದಕ್ಕೆ ಲೀನ್ ಅಂತ ಹೇಳುದು. ಟೂ ಸ್ಟ್ರೋಕಲ್ಲಿ ಆಯಿಲ್ ಬರುದೇ ಪೆಟ್ರೋಲಿನ ಒಟ್ಟಿಗೆ, ಪೆಟ್ರೋಲ್ ಕಮ್ಮಿ ಆದ್ರೆ ಆಯಿಲೂ ಕಮ್ಮಿ, ಬಿಸಿಯೂ ಜಾಸ್ತಿ, ಮತ್ತೆ ಹಿಡಿಯದೆ ಇರ್ತದಾ? ಅದರ ಮೇಲೆ ಈಗ ಬಂಕಲ್ಲಿ ಸಿಗುದು 20 ಶೇಕಡ ಎಥೆನಾಲ್ ಇರುವ ಪೆಟ್ರೋಲ್, ಕಾರ್ಬೋರೇಟರ್ ಮುಟ್ಟದೆ ಅದನ್ನು ಹಾಕಿದ್ರೆ ಮಿಕ್ಸ್ ಮತ್ತೂ ಲೀನ್ ಆಗ್ತದೆ. ಮಳೆಗಾಲ ಇಡೀ ಟ್ಯಾಂಕಲ್ಲಿ ಬಿಟ್ರಂತೂ ಎಥೆನಾಲ್ ನೀರು ಎಳೆದು ಕೆಳಗೆ ಕೂರ್ತದೆ. ದಯವಿಟ್ಟು ಟ್ಯಾಂಕ್ ಖಾಲಿ ಮಾಡಿ ಇಡಿ.

ಗಾಳಿ ಎಲ್ಲಿಂದ ಹೋದದ್ದು ಅಂತ ಹುಡುಕದೆ ಹೊಸ ಪಿಸ್ಟನ್ ಹಾಕಿ ಕೊಡುವವರ ಮೇಲೆ ನನಗೆ ತುಂಬಾ ಸಿಟ್ಟು. ಒಂದು ಕಡೆ ಹಾಗೆಯೇ ಕಟ್ಟಿ ಕೊಟ್ಟಿದ್ರು, ಹದಿನೈದು ದಿನ ಬರ್ಲಿಲ್ಲ, ದುಡ್ಡೂ ಹೋಯ್ತು. ಇದು ಎರಡನೇ ಸಲ ಸೀಜ್ ಆದದ್ದು, ಅದಕ್ಕೇ ಈ ಸಲ ನಾನೇ ಕೂತದ್ದು. ಸೈಕಲ್ ಟ್ಯೂಬಿನ ತುಂಡಲ್ಲಿ ಕಾರ್ಬೋರೇಟರ್, ಸೈಲೆನ್ಸರ್ ಕೂರುವ ಎರಡೂ ಬಾಯಿ ಮುಚ್ಚಿ, ಪ್ಲಗ್ಗಿನ ತೂತಿಂದ ಸೈಕಲ್ ಪಂಪಲ್ಲಿ 6 ಪಿಎಸ್‌ಐ ಹಾಕಿ, ಸೋಪು ನೀರು ಬಿಟ್ಟದ್ದು. ಜಾಸ್ತಿ ಹಾಕಿದ್ರೆ ಕ್ರ್ಯಾಂಕಿನ ಬದಿಯಲ್ಲಿ ಗಾಳಿ ತಡೆಯುವ ಸೀಲೇ ಹೊರಗೆ ಬರ್ತದೆ. ಅದಾ, ಮ್ಯಾಗ್ನೆಟ್ ಬದಿಯ ಸೀಲಲ್ಲಿ ಗುಳ್ಳೆ ಬರ್ತಾ ಉಂಟು, ಕಂಡಿತಾ? ಇಷ್ಟಕ್ಕೇ ಎರಡು ಪಿಸ್ಟನ್ ಹೋದದ್ದು. ಸೀಲ್ ಒಂದಕ್ಕೆ 60 ರೂಪಾಯಿ.

ಸಿಲಿಂಡರ್, ಪಿಸ್ಟನ್ ಸೆಟ್ ಹೊಸತು, 1,350. ಇನ್ನು ಪವರ್ ವಿಷಯ. ಸಿಲಿಂಡರಿನ ಕೆಳಗಿನ ಗ್ಯಾಸ್ಕೆಟ್ ತೆಗೆದು ಕಂಪ್ರೆಷನ್ ಏರಿಸುದು ನನಗೆ ಯಾವಾಗಲೂ ಹಿಡಿಸದ ಕೆಲಸ, ಕಂಪೆನಿಯವರು ಇಟ್ಟದ್ದು ಸುಮ್ಮನೆ ಅಲ್ಲ ಅಂತ ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಆದ್ರೆ ಸೋಲ್ಡರ್ ವಯರ್ ಪ್ಲಗ್ಗಿನ ತೂತಲ್ಲಿ ಹಾಕಿ ತಿರುಗಿಸಿ, ಚಪ್ಪಟೆ ಆದದ್ದನ್ನು ಅಳತೆ ಮಾಡುವಾಗ 1.1 ಮಿಲಿಮೀಟರ್ ಬಂತು! ಪಿಸ್ಟನ್ನಿಗೂ ಹೆಡ್ಡಿಗೂ ಅಷ್ಟು ಸಂದು ಬಿಟ್ರೆ ಒತ್ತಡ ಎಲ್ಲಿಂದ ಬರುದು? ಗ್ಯಾಸ್ಕೆಟ್ 0.5, ತೆಗೆದ್ರೆ 0.6 ಉಳಿತದೆ, ಅದು ಸೇಫ್. ತೆಗೆದೆ. ಬದಲಿಗೆ ಬಿಸಿ ತಡೆಯುವ ಸೀಲೆಂಟ್. ಅಳತೆ ಮಾಡದೆ ಮಾತ್ರ ತೆಗಿಬೇಡಿ, 0.5ಕ್ಕಿಂತ ಕಮ್ಮಿ ಆದ್ರೆ ಪಿಸ್ಟನ್ ಹೋಗಿ ಮೇಲೆ ಬಡಿತದೆ.

ಪೋರ್ಟ್, ಅಂದ್ರೆ ಸಿಲಿಂಡರಿನ ಗೋಡೆಯ ತೂತು, ಉಜ್ಜಿದ್ದು ಫಾಸ್ಟಲ್ಲಿ ಓಡಿಸ್ತೇನೆ. ಹೊಗೆ ಹೋಗುವ ಎಕ್ಸಾಸ್ಟ್ ಪೋರ್ಟ್ ಎರಡೂ ಬದಿ ಒಂದೊಂದು ಮಿಲಿಮೀಟರ್ ಅಗಲ ಮಾಡಿ, ಅಂಚು ಎಲ್ಲ ನುಣ್ಣಗೆ, ಇಲ್ಲದಿದ್ರೆ ರಿಂಗ್ ಸಿಕ್ಕಿ ತುಂಡಾಗ್ತದೆ.

ಈಗ ಈ ಶಾಟ್. ಪಿಸ್ಟನ್ ಪಿನ್ ಹಾಕಿ ಆಯ್ತು, ಅದು ಹೊರಗೆ ಬಾರದ ಹಾಗೆ ಹಿಡಿಯುವ ಸಣ್ಣ ಸ್ಪ್ರಿಂಗ್ ಉಂಗುರ, ಸರ್ಕ್ಲಿಪ್, ಒಂದು ಬದಿ ಕೂತಿತು, ಎರಡನೇದು ಒತ್ತುವಾಗ... ಟಿಕ್. ಹೋಯ್ತು. ಜಾಲು, ಅಂದ್ರೆ ಅಂಗಳ, ಇಡೀ ಅಡಿಕೆ ಹರವಿದ್ದೇವೆ, ಅದಿರುದು ಉಗುರಿಗಿಂತ ಸಣ್ಣ. ಕ್ರ್ಯಾಂಕ್ ಕೇಸಿನ ಬಾಯಿಗೆ ಬಟ್ಟೆ ಇಟ್ಟಿದ್ದೆ, ಆದ್ರೂ ಒಂದು ಬದಿ ಬಟ್ಟೆ ಸರಿದದ್ದು ಕಂಡಿತು, ಅಲ್ಲಿಂದ ನನ್ನ ಮಂಡೆಬಿಸಿ ಶುರು. ಹತ್ತು ರೂಪಾಯಿಯ ಸಾಮಾನು, ಹೊರಗೆ ಬಿದ್ದಿದ್ರೆ ಹೋಗ್ಲಿ, ಒಳಗೆ ಬಿದ್ದಿದ್ರೆ ಸ್ಟಾರ್ಟ್ ಮಾಡಿದ ಕೂಡ್ಲೇ ಹೊಸ ಸಿಲಿಂಡರ್ ಪೂರಾ ಹೋಗ್ತದೆ. ಇಂಜಿನ್ ಕವುಚಿ ಹಾಕಿ ಅಲ್ಲಾಡಿಸಿದೆ, ಎಂತ ಸೌಂಡೂ ಇಲ್ಲ, ಬಿದ್ದದ್ದೂ ಇಲ್ಲ. ಹಳೇ ಸ್ಪೀಕರಿನ ಮ್ಯಾಗ್ನೆಟ್‌ಗೆ ನೂಲು ಕಟ್ಟಿ ಜಾಲಿನಲ್ಲಿ ಎಳೆದೆ, ನಮ್ಮ ಕೆಂಪು ಮಣ್ಣಲ್ಲಿ ಕಬ್ಬಿಣ ಉಂಟಲ್ಲ, ಎರಡು ಮಾರು ಹೋಗುವಾಗ ಕಪ್ಪು ಹುಡಿ ಗಡ್ಡದ ಹಾಗೆ ಹಿಡಿತದೆ, ಅದನ್ನು ಒರಸುದು, ಮತ್ತೆ ಎಳೆಯುದು. ಅಪ್ಪ ಅಡಿಕೆ ಒಂದು ಬದಿಗೆ ರಾಶಿ ಮಾಡಿ ಕೊಟ್ರು. ಎರಡೂವರೆ ಗಂಟೆ. ಸಂಜೆ ಅಮ್ಮ ಬಂದು, "ಎಂತ ಮಗಾ ಅದು, ಕತ್ತಲೆ ಆಗ್ಲಿ, ಟಾರ್ಚ್ ನೆಲಕ್ಕೆ ಮಲಗಿಸಿ ಇಡು, ಸಣ್ಣದರ ನೆರಳು ಉದ್ದ ಬೀಳ್ತದೆ" ಹೇಳಿದ್ರು, ಅವರ ಮೂಗುತಿಯ ತಿರುಪು ಸಿಕ್ಕಿದ್ದು ಹಾಗೆಯಂತೆ. ಏಳು ಗಂಟೆಗೆ ಟಾರ್ಚ್ ಇಟ್ಟದ್ದು, ಐದು ನಿಮಿಷ ಆಗ್ಲಿಲ್ಲ, ತುಳಸಿಕಟ್ಟೆಯ ಬುಡದಲ್ಲಿ ಸಿಕ್ಕಿತು! ಆಗ ಆದ ಸಮಾಧಾನ ಹೇಳಿ ಮುಗಿಯುದಿಲ್ಲ.

ಆದ್ರೆ ಅದನ್ನೇ ವಾಪಸ್ ಹಾಕ್ಲಿಲ್ಲ, ಬಾಯಿ ಬಿಟ್ಟುಕೊಂಡಿತ್ತು. ಮರುದಿನ ಪುತ್ತೂರಿಗೆ ಹೋದ್ರೆ ಸರ್ಕ್ಲಿಪ್ ಬಿಡಿ ಕೊಡುದಿಲ್ಲವಂತೆ, ಸೆಟ್ಟೇ ತೆಗಿಬೇಕಂತೆ. ಇದು ಯಾವ ನ್ಯಾಯ? ಕಡೆಗೆ ಒಬ್ಬರು ಬೈಕ್ ಮೆಕ್ಯಾನಿಕ್ ಪಿನ್ನಿನ ಅಳತೆ ನೋಡಿ ಒಂದು ಜೊತೆ ಕೊಟ್ರು, ದುಡ್ಡು ಬೇಡ ಅಂದ್ರು. ಅವರಿಗೆ ತುಂಬಾ ಉಪಕಾರ.

ಸೈಲೆನ್ಸರಿಗೆ ಇನ್ನೊಂದು ತೂತು ಮಾಡಿದ್ದು ಇಲ್ಲಿ. ಜಾಲರಿ ಮಾತ್ರ ತೆಗಿಲಿಲ್ಲ, ಗುಡ್ಡೆಯ ಮುಳಿಹುಲ್ಲು ಈಗ ಒಣಗಿ ನಿಂತಿದೆ, ಒಂದು ಕಿಡಿ ಸಾಕು. ಹೊಗೆ ಸಲೀಸಾಗಿ ಹೋದ್ರೆ ಗಾಳಿಯೂ ಜಾಸ್ತಿ ಎಳಿತದೆ, ಹಾಗಾಗಿ ಕಾರ್ಬೋರೇಟರಿನಲ್ಲಿ ಫುಲ್ ರೇಸಿನ ಪೆಟ್ರೋಲ್ ಹೊಂದಿಸುವ ಎಚ್ ಸ್ಕ್ರೂ ಸ್ವಲ್ಪ ಸಡಿಲ ಮಾಡಿ ಪೆಟ್ರೋಲ್ ಜಾಸ್ತಿ ಕೊಡ್ಲೇಬೇಕು. ಈಗ ಫುಲ್ ರೇಸಲ್ಲಿ ಸೌಂಡು ಕೇಳಿ, ಬರೀ ಗಾಳಿಯಲ್ಲಿ ಸ್ವಲ್ಪ ತೊದಲ್ತದೆ, ಮರಕ್ಕೆ ತಾಗಿದ ಕೂಡ್ಲೇ ಕ್ಲಿಯರ್ ಆಗ್ತದೆ. ಅದೇ ಬೇಕಾದ್ದು. ಗಾಳಿಯಲ್ಲೇ ಸಪೂರ ಕೂಗಿದ್ರೆ ಲೀನ್, ನಿಲ್ಲಿಸಿ.

ಕಂಪ್ರೆಷನ್ ಮೊದಲು 90, ಈಗ 165 ಪಿಎಸ್‌ಐ. ಲೀಟರಿಗೆ 40 ಎಂಎಲ್ ಆಯಿಲ್, ಮೊದಲ ಐದು ಟ್ಯಾಂಕಿಗೆ ಕಮ್ಮಿ ಮಾಡುದಿಲ್ಲ.

ಅದೇ ಹೆಬ್ಬಲಸು, ಅದೇ ದಪ್ಪ. ಚೈನ್ ಎರಡು ಸಲವೂ 4.8 ಮಿಲಿಮೀಟರ್ ಅರದಲ್ಲಿ ಹರಿತ ಮಾಡಿದ್ದು. ಸೀಜ್ ಆಗುವ ಮೊದಲಿನ ವಿಡಿಯೋದಲ್ಲಿ ಒಂದು ತುಂಡು ಕೊಯ್ಲಿಕ್ಕೆ 38 ಸೆಕೆಂಡ್, ಇವತ್ತು... 27! ನನಗೆ ಇಷ್ಟು ನಿರೀಕ್ಷೆ ಇರ್ಲಿಲ್ಲ. ಅಪ್ಪನೂ ಒಂದು ತುಂಡು ಕೊಯ್ದು ನೋಡಿದ್ರು, ಎಂತ ಹೇಳ್ಲಿಲ್ಲ, ಮತ್ತೊಂದು ಕೊಯ್ದ್ರು.

ಚೈನ್ ಓಡುವ ಬಾರಿನ ತುದಿಯಲ್ಲಿ ಹೊಗೆ ಕಾಣ್ತಾ ಉಂಟಲ್ಲ, ಅದು ಚೈನಿಗೆ ಆಯಿಲ್ ಸಾಲದೆ. ಸ್ಪೀಡ್ ಜಾಸ್ತಿ ಆಯ್ತು, ಪಂಪ್ ಹಳತೇ. ನಾಳೆ ಕ್ಲಚ್ ಬಿಚ್ಚಿ ಅದನ್ನು ನೋಡ್ಬೇಕು, ಕ್ಯಾಮರಾ ಇಡ್ತೇನೆ.