ಕಾಗದದ ಬೊಂಬೆ ಬೇಗ ಒಣಗಬೇಕೇ? ಗಾಳಿ ಕೊಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ದಸರಾ ಹತ್ತಿರ ಬಂತು. ಮೈಸೂರಿನ ಮನೆಗಳಲ್ಲಿ ಅಟ್ಟದಿಂದ ಬೊಂಬೆ ಪೆಟ್ಟಿಗೆ ಇಳಿಸುವ ಹೊತ್ತು. ಪಟ್ಟದ ಬೊಂಬೆಗಳು ಹೇಗೂ ಇರುತ್ತವೆ. ಅವುಗಳ ಸುತ್ತ ಚಾಮುಂಡಿ ಬೆಟ್ಟ, ಅಂಬಾರಿ ಆನೆ, ಅರಮನೆ ಬಾಗಿಲು ಅಂತ ಹೊಸದೇನಾದರೂ ಮಾಡೋಣ ಎಂದು ಮಕ್ಕಳು ಹಟ ಹಿಡಿಯುತ್ತಾರೆ. ಮನೆಯಲ್ಲಿ ಹಳೇ ಪೇಪರ್ ಇದೆ, ಮೈದಾ ಇದೆ. ಪೇಪರ್ ಮ್ಯಾಶ್, ಅಂದರೆ ಕಾಗದಕ್ಕೆ ಅಂಟು ಸೇರಿಸಿ ಬೊಂಬೆ ಮಾಡುವುದು, ಕಷ್ಟವೇನಲ್ಲ. ಕಷ್ಟ ಇರುವುದು ಒಣಗಿಸುವುದರಲ್ಲಿ. ಮೋಡ, ಜಡಿಮಳೆ, ತೇವ. ನಾಲ್ಕು ದಿನವಾದರೂ ಆನೆ ಹಸಿ ಹಸಿಯಾಗೇ ಕೂತಿರುತ್ತದೆ. ಆಮೇಲೆ ನನಗೆ ಫೋನ್ ಬರುತ್ತದೆ. ಮೇಡಂ, ಇದನ್ನು ಬೇಗ ಒಣಗಿಸುವುದು ಹೇಗೆ?

ಗಾಳಿ ಕೊಡಿ. ಅಷ್ಟೇ ನನ್ನ ಉತ್ತರ.

ಯಾರೂ ನಂಬುವುದಿಲ್ಲ. ಬೇಗ ಅಂದ ಕೂಡಲೇ ಹೇರ್ ಡ್ರೈಯರ್ ತರುತ್ತಾರೆ. ಗ್ಯಾಸ್ ಒಲೆ ಪಕ್ಕ ಇಡುತ್ತಾರೆ. ಅಲ್ಲ, ಮಳೆಗಾಲದಲ್ಲಿ ಒದ್ದೆ ಸೀರೆಯನ್ನು ಒಲೆ ಮುಂದೆ ಹರಡುತ್ತೀರಾ? ಫ್ಯಾನ್ ಕೆಳಗೆ ಬಿಡಿಸಿ ಹಾಕುತ್ತೀರಿ, ಅಲ್ವಾ? ಕಾಗದಕ್ಕೂ ಅದೇ ಸಾಕು. ಒದ್ದೆ ಕಾಗದದ ಸುತ್ತ ತೇವ ತುಂಬಿದ ಗಾಳಿ ಕದಲದೆ ನಿಂತಿರುತ್ತದೆ. ಅದು ಸರಿದು ಬೇರೆ ಗಾಳಿ ಬಂದರೆ ಒಳಗಿನ ನೀರೂ ಹೊರಡುತ್ತದೆ. ಜೋರಾಗಿ ಬಿಸಿ ತಾಗಿಸಿದರೆ ಮೇಲಿನ ಪದರ ಮೊದಲೇ ಗಟ್ಟಿಯಾಗಿ, ನೀರು ಒಳಗೇ ಸಿಕ್ಕಿಬೀಳುತ್ತದೆ.

ಇದಕ್ಕೆ ಒಂದು ಆನೆಯ ಕಥೆ ಹೇಳಲೇಬೇಕು.

ನಮ್ಮ ಮನೆ ಹತ್ತಿರದ ಒಂದು ಶಾಲೆಯಲ್ಲಿ ಮಕ್ಕಳ ದಸರಾ ಮೆರವಣಿಗೆ. ಏಳನೇ ತರಗತಿಯವರದು ಆನೆ ತಲೆ. ಹಳೇ ಮಂಕರಿಯೊಂದನ್ನು ಬೋರಲು ಹಾಕಿ, ಅದರ ಮೇಲೆ ಕಾಗದದ ಮುದ್ದೆ ಮೆತ್ತಿದರು. ಎಷ್ಟು ದಪ್ಪ? ಎರಡು ಇಂಚು! ಮೇಷ್ಟ್ರಿಗೆ ಆನೆ ಗಟ್ಟಿಮುಟ್ಟಾಗಿ ಇರಬೇಕಿತ್ತು. ಅಷ್ಟರಲ್ಲಿ ಮಳೆ ಹಿಡಿಯಿತು. ಪಿಟಿ ಮೇಷ್ಟ್ರಿಗೆ ಒಬ್ಬ ಬೇಕರಿಯವರು ಸ್ನೇಹಿತರು. ಸರಿ, ಆನೆ ಗೂಡ್ಸ್ ಆಟೋ ಹತ್ತಿತು. ರಾತ್ರಿ ಬ್ರೆಡ್ ತೆಗೆದ ಮೇಲೆ ಭಟ್ಟಿಯ ಬಾಯಿಗೆ ಎದುರಾಗಿ ಅದನ್ನು ಕೂರಿಸಿದರು. ಬೆಳಿಗ್ಗೆ ತಟ್ಟಿದರೆ ಟಕ್ ಟಕ್ ಅನ್ನುತ್ತಿತ್ತು. ಎಲ್ಲರಿಗೂ ಖುಷಿ. ಬೂದು ಬಣ್ಣ ಬಳಿದರು. ಹಣೆಗೆ ಚಿನ್ನದ ಬಣ್ಣದಲ್ಲಿ ಗಂಡಭೇರುಂಡ ಬರೆದರು, ಅದೂ ಬಹಳ ಚೆನ್ನಾಗಿ ಬಂದಿತ್ತು.

ಎರಡು ದಿನಕ್ಕೆ ಬಣ್ಣದಲ್ಲಿ ಗುಳ್ಳೆ ಎದ್ದಿತು. ಆಮೇಲೆ ವಾಸನೆ. ಮೈದಾ ಅಂಟು ಒಳಗೆ ಹುಳಿ ಬಂದಿತ್ತು. ಕೊನೆಗೆ ಸೊಂಡಿಲು ಬುಡದಲ್ಲೇ ಕುಸಿಯಿತು. ಆಗ ನನಗೆ ಕರೆ ಬಂತು.

ನಾನು ಹೋದವಳೇ ಹ್ಯಾಕ್ಸಾ ಬ್ಲೇಡ್ ಕೇಳಿದೆ. ಮಕ್ಕಳು ಅಳುವುದೊಂದು ಬಾಕಿ. ಒಬ್ಬ ಹುಡುಗನಂತೂ, "ಮಿಸ್, ಗಂಡಭೇರುಂಡ ಕುಯ್ಯಬೇಡಿ" ಎಂದು ಅಡ್ಡ ನಿಂತ. ಕಿವಿಯ ಹಿಂದಿನಿಂದ ಕುಯ್ದು ಎರಡು ಹೋಳು ಮಾಡಿದೆವು. ಒಳಗೆ ನೋಡಿದರೆ ಹಾಕಿದ ಮುದ್ದೆ ಹಾಗೇ ಇದೆ, ಬೂಷ್ಟು ಬೇರೆ. ಮಂಕರಿ ಕಿತ್ತು, ಹಸಿಯನ್ನೆಲ್ಲ ಚಮಚದಲ್ಲಿ ಕೆರೆದು ತೆಗೆದೆವು. ಗಟ್ಟಿಯಾಗಿದ್ದ ಹೊರಸಿಪ್ಪೆ ಮಾತ್ರ ಉಳಿಯಿತು. ಎರಡೂ ಹೋಳನ್ನು ಹಾಲಿನ ಕ್ರೇಟ್ ಮೇಲಿಟ್ಟು ಒಳಮೈಗೆ ಟೇಬಲ್ ಫ್ಯಾನ್ ತಿರುಗಿಸಿದೆವು. ಮಾರನೇ ದಿನ ಮಧ್ಯಾಹ್ನಕ್ಕೆ ಒಣಗಿತ್ತು. ಫೆವಿಕಾಲ್ ಹಚ್ಚಿ, ಕಾಗದದ ಪಟ್ಟಿಯಲ್ಲಿ ಸೇರಿಸಿದೆವು. "ಇಷ್ಟು ತೆಳ್ಳಗಿದ್ದರೆ ತಡೆಯುತ್ತಾ ಮೇಡಂ?" ಎಂದರು ಮೇಷ್ಟ್ರು. ಅಡ್ಡ ನಿಂತಿದ್ದ ಹುಡುಗನೇ ಅದನ್ನು ತಲೆ ಮೇಲೆ ಹೊತ್ತು ಮೆರವಣಿಗೆ ಪೂರ್ತಿ ಕುಣಿದ. ಎರಡು ಇಂಚಿನ ಆನೆಯನ್ನು ಹೊತ್ತು ಕುಣಿಯಲಿ ನೋಡೋಣ!

ಕುಯ್ಯುವ ಉಪಾಯ ನನ್ನದಲ್ಲ. ಕಾಶ್ಮೀರದ ಕಸುಬುದಾರರು ಹೂದಾನಿ ಮಾಡುವುದೇ ಹೀಗೆ. ಅಚ್ಚಿನ ಮೇಲೆ ಕಾಗದ ಹಚ್ಚುತ್ತಾರೆ. ಒಣಗಿದ ಮೇಲೆ ಗರಗಸದಲ್ಲಿ ಕುಯ್ದು, ಅಚ್ಚು ತೆಗೆದು, ಹೋಳುಗಳನ್ನು ಮತ್ತೆ ಅಂಟಿಸುತ್ತಾರೆ.

ಈಗ ನಿಮ್ಮ ಮನೆಗೆ ಬರೋಣ. ತೆಳ್ಳಗೆ ಹಚ್ಚಿ. ದಪ್ಪ ಎರಡು ಪಟ್ಟಾದರೆ ಒಣಗುವ ಹೊತ್ತು ನಾಲ್ಕು ಪಟ್ಟಿನವರೆಗೂ ಹೋಗಬಹುದು. ಹಿಂದೆ ಅಜ್ಜಿಯರು ಕಾಗದ, ಮೆಂತ್ಯ ರುಬ್ಬಿ ಮೊರಕ್ಕೆ ಬಳಿಯುತ್ತಿದ್ದರಲ್ಲ, ಎಷ್ಟು ತೆಳ್ಳಗೆ ಬಳಿಯುತ್ತಿದ್ದರು ನೆನಪಿದೆಯಾ? ಕಾಗದದ ಪಟ್ಟಿಯಾದರೆ ಎರಡು ಮೂರು ಪದರ ಹಚ್ಚಿ ನಿಲ್ಲಿಸಿ. ಒಣಗಲಿ. ಆಮೇಲೆ ಮತ್ತೆ ಎರಡು ಪದರ. ಪ್ರತಿ ಪಟ್ಟಿಯನ್ನೂ ಎರಡು ಬೆರಳ ನಡುವೆ ಎಳೆದು, ಜಾಸ್ತಿ ಅಂಟನ್ನು ಬಟ್ಟಲಿಗೇ ಇಳಿಸಿ. ಮುದ್ದೆಯಾದರೆ ಹಳೇ ಪಂಚೆಯಲ್ಲಿ ಕಟ್ಟಿ ಚೆನ್ನಾಗಿ ಹಿಂಡಿ. ಇಲ್ಲಿ ಹಿಂಡಿದ ನೀರನ್ನು ಆಮೇಲೆ ಒಣಗಿಸಬೇಕಿಲ್ಲವಲ್ಲ! ಅಂಟಿಗೆ ನಾಲ್ಕು ಹನಿ ಲವಂಗದ ಎಣ್ಣೆ ಹಾಕಿದರೆ ಬೂಷ್ಟು ಅಷ್ಟು ಬೇಗ ಬರುವುದಿಲ್ಲ.

ಸುಮ್ನೆ ನೆಲದ ಮೇಲೆ ಇಡಬೇಡಿ. ತಳಕ್ಕೂ ಗಾಳಿ ಬೇಕು. ಜಾಲರಿ ಮೇಲಿಡಿ, ಆಗಾಗ ಹೊರಳಿಸಿ. ಬಲೂನಿನ ಮೇಲೆ ಮಾಡಿದ್ದರೆ ಬಿಸಿಲಿಗಿಡಬೇಡಿ. ಒಳಗಿನ ಗಾಳಿ ಹಿಗ್ಗಿ ಹಸಿ ಕಾಗದ ಬಿರಿಯುತ್ತದೆ. ನೆರಳಲ್ಲಿ, ಫ್ಯಾನ್ ಕೆಳಗೆ ಇಡಿ. ಹೊರಗೆ ಗಟ್ಟಿಯಾದ ತಕ್ಷಣ ಬಲೂನ್ ತೆಗೆದು ಒಳಕ್ಕೂ ಗಾಳಿ ಬಿಡಿ.

ಬಣ್ಣದ ಬಗ್ಗೆಯೂ ಬರೆದುಕೊಂಡಿದ್ದೆ. ಆನೆಯೇ ಸಮಯ ತಿಂದುಬಿಟ್ಟಿತು. ಒಂದೇ ಮಾತು ಹೇಳುತ್ತೇನೆ. ಬಣ್ಣ ಬಳಿಯುವ ಮುಂಚೆ ಫ್ಯಾನ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು, ಬೊಂಬೆಯನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಬ್ರಷ್ ಕೆಳಗಿಟ್ಟು, ಮತ್ತೆ ಫ್ಯಾನ್ ಹಾಕಿ.

ನಮಸ್ಕಾರ.