ಎರಡು ಚಳಿಗಾಲ, ಒಂದು ಲಸಿಕೆ

ಕೇಳುಗರಿಗೆಲ್ಲ ನಮಸ್ಕಾರ.

ಮೊದಲು ಒಂದು ಹೆಸರು ಓದುತ್ತೇನೆ, ನಿಧಾನವಾಗಿ ಕೇಳಿ. ಎ, ಡಾರ್ವಿನ್, 9, 2021.

ಇದು ಒಂದು ಫ್ಲೂ ವೈರಸ್‌ನ ಹೆಸರು. ಎ ಅನ್ನುವುದು ಅದರ ಬಗೆ. ಡಾರ್ವಿನ್ ಆಸ್ಟ್ರೇಲಿಯಾದ ಉತ್ತರ ಅಂಚಿನಲ್ಲಿರುವ ಊರು, ವೈರಸ್ ಸಿಕ್ಕ ಜಾಗ. 9 ಮಾದರಿಯ ಸಂಖ್ಯೆ. 2021 ಅದು ಸಿಕ್ಕ ವರ್ಷ. ಒಂದು ಹೆಸರಿನಲ್ಲಿ ಇಡೀ ವಿಳಾಸ ಇದೆ, ಅಲ್ವಾ? ಆ ವರ್ಷ ಆ ಊರಿನಲ್ಲಿ ಯಾರಿಗೋ ಜ್ವರ ಬಂತು. ಹತ್ತಿ ಸುತ್ತಿದ ಕಡ್ಡಿಯಿಂದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ಅದರಲ್ಲಿದ್ದ ವೈರಸ್ ಮುಂದೆ ಕೋಟಿಗಟ್ಟಲೆ ಜನರ ಫ್ಲೂ ಲಸಿಕೆಗೆ ಮೂಲವಾಯಿತು. ಆ ರೋಗಿಗೆ ಈ ವಿಷಯ ಗೊತ್ತೇ ಇರಲಿಕ್ಕಿಲ್ಲ.

ಆ ಒಂದು ಮಾದರಿಯನ್ನೇ ಯಾಕೆ ಆರಿಸಿದರು? ಎರಡೇ ವರ್ಷಕ್ಕೆ ಅದನ್ನು ಯಾಕೆ ಬಿಟ್ಟರು? ಇವತ್ತು ಆ ಕಥೆ ಹೇಳುತ್ತೇನೆ. ಯಾಕೆಂದರೆ "ಈ ವರ್ಷದ ಲಸಿಕೆ ತಪ್ಪಂತೆ, ಹಾಕಿಸಿಕೊಂಡು ಏನು ಪ್ರಯೋಜನ" ಅನ್ನುವ ಮಾತು ಪ್ರತಿ ವರ್ಷ ಕಿವಿಗೆ ಬೀಳುತ್ತದೆ. ಲಸಿಕೆ ಹೇಗೆ ಆರಿಸುತ್ತಾರೆ ಅಂತ ತಿಳಿದರೆ ಆ ಮಾತು ಎಷ್ಟು ಅರೆಬರೆ ಅನ್ನುವುದು ಕಾಣುತ್ತದೆ.

ಫ್ಲೂ ವೈರಸ್‌ನ ಮೈ ತುಂಬ ಮುಳ್ಳುಗಳಂಥ ರಚನೆ ಇರುತ್ತದೆ. ಅದರಲ್ಲಿ ಮುಖ್ಯವಾದದ್ದು ಹೀಮಾಗ್ಲುಟಿನಿನ್ ಎಂಬ ಪ್ರೋಟೀನ್. ಎ ಬಗೆಯ ಒಳಬಗೆಗಳನ್ನು ಎಚ್3ಎನ್2, ಎಚ್1ಎನ್1 ಅನ್ನುವಾಗ ಬರುವ ಎಚ್ ಇದೇ. ನಮ್ಮ ದೇಹ ವೈರಸ್ಸನ್ನು ಗುರುತಿಸುವುದು ಹೆಚ್ಚಾಗಿ ಈ ಮುಳ್ಳಿನ ತುದಿಯಿಂದ. ಆದರೆ ಈ ವೈರಸ್ ತನ್ನ ಪ್ರತಿ ಮಾಡಿಕೊಳ್ಳುವಾಗ ತಪ್ಪು ಮಾಡುತ್ತದೆ, ಮಾಡಿದ ತಪ್ಪನ್ನು ತಿದ್ದಿಕೊಳ್ಳುವ ವ್ಯವಸ್ಥೆಯೂ ಅದಕ್ಕಿಲ್ಲ. ತಪ್ಪುಗಳು ಒಂದೊಂದಾಗಿ ಸೇರಿ ಮುಳ್ಳಿನ ಆಕಾರ ಬದಲಾಗುತ್ತಾ ಹೋಗುತ್ತದೆ. ಒಂದೆರಡು ವರ್ಷ ಕಳೆದ ಮೇಲೆ ಹಳೆಯ ಗುರುತು ಹಿಡಿದು ಹೊಸ ವೈರಸ್ಸನ್ನು ಪತ್ತೆ ಮಾಡುವುದು ದೇಹಕ್ಕೆ ಕಷ್ಟ.

ಇದನ್ನು ಜಗತ್ತು ಪೆಟ್ಟು ತಿಂದೇ ಕಲಿಯಿತು. ಅಮೆರಿಕದಲ್ಲಿ ಫ್ಲೂ ಲಸಿಕೆ ಜನಬಳಕೆಗೆ ಬಂದದ್ದು 1945ರಲ್ಲಿ. ಮೊದಲು ಚೆನ್ನಾಗಿ ಕೆಲಸ ಮಾಡಿತು. ಎರಡೇ ವರ್ಷದಲ್ಲಿ, 1947ರಲ್ಲಿ, ಅದೇ ಲಸಿಕೆ ಹೆಚ್ಚುಕಡಿಮೆ ಪೂರ್ತಿ ಸೋತಿತು. ಲಸಿಕೆ ಇದ್ದ ಹಾಗೇ ಇತ್ತು. ಬದಲಾಗಿದ್ದು ವೈರಸ್. ಹಾಗಾದರೆ ವೈರಸ್ ಎಲ್ಲಿ, ಯಾವಾಗ, ಹೇಗೆ ಬದಲಾಗುತ್ತಿದೆ ಅಂತ ಯಾರಾದರೂ ಸದಾ ನೋಡುತ್ತಲೇ ಇರಬೇಕು. 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕಾಗಿಯೇ ಒಂದು ಜಾಲ ಕಟ್ಟಿತು. ಆ ಜಾಲ ಇವತ್ತಿಗೂ ಇದೆ. ನೂರಕ್ಕೂ ಹೆಚ್ಚು ದೇಶಗಳ ಪ್ರಯೋಗಾಲಯಗಳು ಅದರಲ್ಲಿವೆ. ಅವು ತಮಗೆ ಸಿಕ್ಕ ವೈರಸ್‌ಗಳಲ್ಲಿ ವಿಶೇಷ ಅನ್ನಿಸಿದ್ದನ್ನು ಲಂಡನ್, ಅಟ್ಲಾಂಟಾ, ಮೆಲ್ಬರ್ನ್, ಟೋಕಿಯೊ, ಬೀಜಿಂಗ್‌ನಂಥ ದೊಡ್ಡ ಕೇಂದ್ರಗಳಿಗೆ ಕಳಿಸುತ್ತವೆ.

ಈಗ ಕ್ಯಾಲೆಂಡರ್ ಕಡೆ ಬರೋಣ. ನಿಜವಾದ ಕಷ್ಟ ಇರುವುದು ಅಲ್ಲೇ.

ಭೂಮಿಯ ಉತ್ತರಾರ್ಧದಲ್ಲಿ ಚಳಿ ಇದ್ದಾಗ ದಕ್ಷಿಣಾರ್ಧದಲ್ಲಿ ಬೇಸಿಗೆ. ಉತ್ತರದಲ್ಲಿ ಫ್ಲೂ ಕಾಲ ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮಾರ್ಚ್, ಏಪ್ರಿಲ್‌ವರೆಗೆ. ದಕ್ಷಿಣದಲ್ಲಿ, ಅಂದರೆ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಚಿಲಿ, ಅರ್ಜೆಂಟೀನಾದಂಥ ಕಡೆ, ಮೇ ಹೊತ್ತಿಗೆ ಶುರುವಾಗಿ ಸೆಪ್ಟೆಂಬರ್ ಸುಮಾರಿಗೆ ಇಳಿಯುತ್ತದೆ. ಲಸಿಕೆ ತಯಾರಿಸಲು ಬೇಕಾಗುವುದು ಸರಿಸುಮಾರು ಆರು ತಿಂಗಳು. ಹಾಗಾಗಿ ಉತ್ತರದವರ ಮುಂದಿನ ಚಳಿಗಾಲದ ಲಸಿಕೆಯನ್ನು ಫೆಬ್ರವರಿಯಲ್ಲೇ ತೀರ್ಮಾನಿಸಬೇಕು. ದಕ್ಷಿಣದವರದ್ದನ್ನು ಸೆಪ್ಟೆಂಬರ್‌ನಲ್ಲಿ. ಹೀಗೆ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರದ್ದು ವರ್ಷಕ್ಕೆ ಎರಡು ಸಭೆ, ಎರಡು ಪಟ್ಟಿ. ಮೊದಲು ವರ್ಷಕ್ಕೆ ಒಂದೇ ಪಟ್ಟಿ ಇತ್ತು. ದಕ್ಷಿಣಕ್ಕೆ ಬೇರೆ ಪಟ್ಟಿ ಬಂದದ್ದು 1998ರ ಸೆಪ್ಟೆಂಬರ್‌ನಿಂದ.

ಫೆಬ್ರವರಿಯಲ್ಲಿ ಕೂತವರ ಪಾಡು ಯೋಚಿಸಿ. ಹೊರಗೆ ಇನ್ನೂ ಈ ವರ್ಷದ ಫ್ಲೂ ನಡೆಯುತ್ತಿದೆ. ಇವರು ಹೇಳಬೇಕಾಗಿರುವುದು ಮುಂದಿನ ಡಿಸೆಂಬರ್‌ನಲ್ಲಿ ಏನು ಬರುತ್ತದೆ ಅಂತ. ಮಧ್ಯೆ ದಕ್ಷಿಣದ ಒಂದು ಇಡೀ ಚಳಿಗಾಲ ಬಂದು ಹೋಗುತ್ತದೆ. ಆ ಚಳಿಗಾಲದಲ್ಲಿ ಏನು ಕಂಡರೂ ಉತ್ತರದ ಲಸಿಕೆಗೆ ಸೇರಿಸಲು ಸಮಯ ಇರುವುದಿಲ್ಲ. ಆಗಲೇ ಕಾರ್ಖಾನೆಯಲ್ಲಿ ಕೆಲಸ ಅರ್ಧ ಮುಗಿದಿರುತ್ತದೆ.

ಹಾಗಿದ್ದರೂ ಒಂದು ಅರ್ಧದ ಚಳಿಗಾಲ ಇನ್ನೊಂದಕ್ಕೆ ಕಾವಲುಗೋಪುರ. ಡಾರ್ವಿನ್‌ನ ವೈರಸ್ಸನ್ನೇ ನೋಡಿ, ಅದು ಎಚ್3ಎನ್2. 2021ರ ಫೆಬ್ರವರಿಯಲ್ಲಿ ಉತ್ತರದವರ ಎಚ್3ಎನ್2 ತಳಿಯಾಗಿ ಆರಿಸಿದ್ದು ಕಾಂಬೋಡಿಯಾದಲ್ಲಿ ಸಿಕ್ಕಿದ್ದನ್ನು. ಅದೇ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಡಾರ್ವಿನ್ ಬಗೆಯದ್ದು ಮೇಲುಗೈ ಪಡೆಯುವಂತೆ ಕಂಡಿತು, ದಕ್ಷಿಣದ ಪಟ್ಟಿಗೆ ಅದು ಬಂತು. 2022ರ ಫೆಬ್ರವರಿಯಲ್ಲಿ ಉತ್ತರವೂ ಅದನ್ನೇ ತೆಗೆದುಕೊಂಡಿತು. ಆಮೇಲೆ 2023ರ ಸೆಪ್ಟೆಂಬರ್‌ನಲ್ಲಿ ದಕ್ಷಿಣಕ್ಕೆ ಥಾಯ್ಲೆಂಡ್ ತಳಿ, ಆರು ತಿಂಗಳಿಗೆ ಉತ್ತರಕ್ಕೂ ಅದೇ. 2024ರ ಸೆಪ್ಟೆಂಬರ್‌ನಲ್ಲಿ ಕ್ರೊಯೇಷಿಯಾ ತಳಿ, ಮತ್ತೆ ಆರು ತಿಂಗಳಿಗೆ ಉತ್ತರಕ್ಕೆ. ಎಲ್ಲ ವರ್ಷವೂ ಇಷ್ಟು ಅಚ್ಚುಕಟ್ಟಾಗಿ ನಡೆಯುತ್ತದೆ ಅಂತಲ್ಲ. ಆದರೆ ಒಂದು ಅರ್ಧದ ರೋಗಿಗಳ ಮಾದರಿ ಇನ್ನೊಂದು ಅರ್ಧದ ಜನರನ್ನು ಕಾಯುತ್ತದೆ. ಈ ವ್ಯವಸ್ಥೆಯಲ್ಲಿ ನನಗೆ ತುಂಬ ಇಷ್ಟವಾಗುವುದು ಇದೇ.

ತಳಿ ಬದಲಾಗಿದೆ ಅಂತ ಗೊತ್ತಾಗುವುದು ಹೇಗೆ? ಇಲ್ಲಿ ಫೆರೆಟ್ ಎಂಬ ಪುಟ್ಟ ಪ್ರಾಣಿಯ ಪಾತ್ರ ದೊಡ್ಡದು. ಮುಂಗುಸಿಯ ಹಾಗೆ ಉದ್ದ ಮೈ, ಗಿಡ್ಡ ಕಾಲು. ಮನುಷ್ಯರ ಫ್ಲೂ ಅದಕ್ಕೂ ಬರುತ್ತದೆ, ನಮ್ಮ ಹಾಗೇ ಸೀನುತ್ತದೆ. 1933ರಲ್ಲಿ ಲಂಡನ್ನಿನಲ್ಲಿ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್, ಪ್ಯಾಟ್ರಿಕ್ ಲೇಡ್ಲಾ ಮನುಷ್ಯರ ಫ್ಲೂ ವೈರಸ್ಸನ್ನು ಮೊದಲ ಸಲ ಹಿಡಿದದ್ದು ಫೆರೆಟ್‌ಗಳ ಸಹಾಯದಿಂದಲೇ. ರೋಗ ಬಂದ ಒಂದು ಫೆರೆಟ್ ಸೀನಿ ಸ್ಮಿತ್ ಅವರಿಗೇ ಫ್ಲೂ ಹತ್ತಿತು. ಅವರಿಂದ ಸಿಕ್ಕ ವೈರಸ್‌ಗೆ ಅವರ ಹೆಸರಿನ ಮೊದಲಕ್ಷರಗಳನ್ನೇ ಇಟ್ಟರು.

ಈಗಲೂ ಲಸಿಕೆಯ ವೈರಸ್ಸನ್ನು ಫೆರೆಟ್‌ಗೆ ಕೊಟ್ಟು, ಅದರ ರಕ್ತದಿಂದ ಸೀರಂ, ಅಂದರೆ ತಿಳಿಯಾದ ಭಾಗ, ತೆಗೆಯುತ್ತಾರೆ. ಆ ಸೀರಂನಲ್ಲಿ ವೈರಸ್ಸನ್ನು ತಡೆಯುವ ಪ್ರತಿಕಾಯಗಳು ಇರುತ್ತವೆ. ಫ್ಲೂ ವೈರಸ್‌ಗೆ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುವ ಗುಣ ಇದೆ. ಜಾರ್ಜ್ ಹರ್ಸ್ಟ್ 1941ರಲ್ಲಿ ಇದನ್ನು ಕಂಡುಹಿಡಿದರು. ಸೀರಂ ಹಾಕಿದರೆ ಅಂಟುವುದು ನಿಲ್ಲುತ್ತದೆ. ಸೀರಂ ಅನ್ನು ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ತೆಳು ಮಾಡುತ್ತಾ ಹೋಗುತ್ತಾರೆ. ಹಳೆಯ ವೈರಸ್ಸನ್ನು ತಡೆದ ಸೀರಂ ಹೊಸದನ್ನು ತಡೆಯಲು ಎಂಟು ಪಟ್ಟು ಗಟ್ಟಿಯಾಗಿ ಬೇಕಾಯಿತು ಅಂದರೆ, ವೈರಸ್ ಸಾಕಷ್ಟು ದೂರ ಸರಿದಿದೆ ಅಂತ ಲೆಕ್ಕ. ಇತ್ತೀಚಿನ ಎಚ್3ಎನ್2 ವೈರಸ್‌ಗಳು ರಕ್ತಕಣಗಳನ್ನು ಸರಿಯಾಗಿ ಅಂಟಿಸುವುದೂ ಇಲ್ಲ. ಹಾಗಾಗಿ ಜೀವಕೋಶಗಳಲ್ಲಿ ಬೇರೆ ಪರೀಕ್ಷೆ ಮಾಡಬೇಕಾಗುತ್ತದೆ. ಇದರ ಜೊತೆಗೆ ವೈರಸ್‌ನ ಜೀನ್‌ಗಳನ್ನು ಓದುತ್ತಾರೆ, ಜನರ ರಕ್ತದ ಮಾದರಿಗಳನ್ನೂ ನೋಡುತ್ತಾರೆ.

ಇಷ್ಟೆಲ್ಲ ಮಾಡಿದರೂ ತಪ್ಪುತ್ತದೆ. ಅದನ್ನು ಮುಚ್ಚಿಡಬೇಕಿಲ್ಲ.

2014ರ ಫೆಬ್ರವರಿಯಲ್ಲಿ ಉತ್ತರಕ್ಕೆ ಎಚ್3ಎನ್2 ತಳಿಯಾಗಿ ಟೆಕ್ಸಸ್‌ನದ್ದನ್ನು ಆರಿಸಿದರು. ಆಗ ಕೈಯಲ್ಲಿದ್ದ ಮಾಹಿತಿಗೆ ಅದು ಸರಿಯೇ ಆಗಿತ್ತು. ಸ್ವಲ್ಪ ದಿನದಲ್ಲೇ ಬೇರೆ ಕವಲು ಕಾಣಿಸಿತು. ಸೆಪ್ಟೆಂಬರ್ ಸಭೆಯಲ್ಲಿ ದಕ್ಷಿಣದ ಪಟ್ಟಿಯನ್ನು ಸ್ವಿಟ್ಜರ್ಲೆಂಡ್ ತಳಿಗೆ ಬದಲಾಯಿಸಿಯೂ ಬಿಟ್ಟರು. ಅಷ್ಟರಲ್ಲಿ ಉತ್ತರದ ಲಸಿಕೆ ಸೀಸೆಗಳಲ್ಲಿ ತುಂಬಿ ಆಗಿತ್ತು. ಆ ಚಳಿಗಾಲ ಅಮೆರಿಕದಲ್ಲಿ ಲಸಿಕೆಯ ಪರಿಣಾಮ 19 ಶೇಕಡಾಕ್ಕೆ ಇಳಿಯಿತು. ತಪ್ಪಾಗುತ್ತಿದೆ ಅಂತ ಕಣ್ಣೆದುರೇ ಕಾಣುತ್ತಿದ್ದರೂ ಕೈ ಹಾಕಲು ಆಗದ ಸ್ಥಿತಿ ಅದು. ಇದನ್ನು ಅಜಾಗರೂಕತೆ ಅನ್ನುವುದು ಅನ್ಯಾಯ.

2017ರ ಆಸ್ಟ್ರೇಲಿಯಾದ ಕಥೆ ಇನ್ನೂ ವಿಚಿತ್ರ. ಅಲ್ಲಿ ಆರಿಸಿದ ತಳಿ ತಕ್ಕಮಟ್ಟಿಗೆ ಸರಿಯಾಗೇ ಇತ್ತು. ಎಡವಿದ್ದು ಕೋಳಿಮೊಟ್ಟೆಯಲ್ಲಿ. ಹೌದು, ಮೊಟ್ಟೆಯಲ್ಲಿ. ಜಗತ್ತಿನ ಹೆಚ್ಚಿನ ಫ್ಲೂ ಲಸಿಕೆ ಇವತ್ತಿಗೂ ಬೆಳೆಯುವುದು ಕಾವು ಕೊಟ್ಟ ಕೋಳಿಮೊಟ್ಟೆಯೊಳಗೆ. ಮೊಟ್ಟೆಯಲ್ಲಿ ಚೆನ್ನಾಗಿ ಬೆಳೆಯಲಿ ಅಂತ, ಆರಿಸಿದ ವೈರಸ್ಸನ್ನು 1934ರಲ್ಲಿ ಪೋರ್ಟೊ ರಿಕೊದಲ್ಲಿ ಸಿಕ್ಕ ಒಂದು ಹಳೆಯ ವೈರಸ್ ಜೊತೆ ಬೆರೆಸುತ್ತಾರೆ. ಹೊರಗಿನ ಮುಳ್ಳು ಹೊಸದರದ್ದು, ಒಳಗಿನದ್ದು ಹಳೆಯದರದ್ದು. ಆದರೆ ಮನುಷ್ಯರ ಗಂಟಲಿನಲ್ಲಿ ಬೆಳೆದ ವೈರಸ್‌ಗೆ ಕೋಳಿಮೊಟ್ಟೆ ಬೇರೆಯೇ ಲೋಕ. ಅಲ್ಲಿ ಬದುಕಲು ಅದು ಮುಳ್ಳಿನ ತುದಿಯನ್ನೇ ಸ್ವಲ್ಪ ಬದಲಾಯಿಸಿಕೊಳ್ಳುತ್ತದೆ. ಆಗ ಹರಡುತ್ತಿದ್ದ ಎಚ್3ಎನ್2 ತನ್ನ ಮುಳ್ಳಿನ ಒಂದು ಜಾಗದಲ್ಲಿ ಸಕ್ಕರೆ ಅಣುವಿನ ಹೊದಿಕೆ ಹೊದ್ದುಕೊಂಡಿತ್ತು. ಮೊಟ್ಟೆಯಲ್ಲಿ ಬೆಳೆದ ಲಸಿಕೆಯ ವೈರಸ್ ಆ ಹೊದಿಕೆ ಕಳೆದುಕೊಂಡಿತ್ತು. ದೇಹ ಹೊದಿಕೆಯಿಲ್ಲದ ಮುಖ ನೋಡಿ ಕಲಿಯಿತು, ಎದುರಾದದ್ದು ಹೊದ್ದುಕೊಂಡ ಮುಖ. ಆ ವರ್ಷ ಆಸ್ಟ್ರೇಲಿಯಾದ ಮೊದಲ ಅಂದಾಜಿನಲ್ಲಿ ಎಚ್3ಎನ್2 ವಿರುದ್ಧ ಲಸಿಕೆಯ ಪರಿಣಾಮ 10 ಶೇಕಡಾ ಮಾತ್ರ. ಹೀಗಾಗಿಯೇ ಮೊಟ್ಟೆ ಬಿಟ್ಟು ಪ್ರಾಣಿಕೋಶಗಳಲ್ಲಿ ಬೆಳೆಸುವ ಲಸಿಕೆ, ಬರೀ ಮುಳ್ಳಿನ ಪ್ರೋಟೀನನ್ನೇ ತಯಾರಿಸುವ ಲಸಿಕೆ ನನಗೆ ಮುಖ್ಯ ಅನ್ನಿಸುವುದು. ಅವು ಈಗ ಹಲವು ಕಡೆ ಸಿಗುತ್ತವೆ. ಕೋಶದಲ್ಲಿ ಬೆಳೆಸುವ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆ ಬೇರೆ ತಳಿಯ ಹೆಸರನ್ನೇ ಸೂಚಿಸುವುದೂ ಉಂಟು.

ಸಂದೇಹ ಜಾಸ್ತಿ ಇದ್ದಾಗ ಕಾಯುವುದೂ ಉಂಟು. 2019ರ ಫೆಬ್ರವರಿಯಲ್ಲಿ ಎಚ್3ಎನ್2 ಬಗ್ಗೆ ಒಮ್ಮತಕ್ಕೆ ಬರಲು ಆಗಲಿಲ್ಲ. ಉಳಿದ ತಳಿಗಳನ್ನು ಹೇಳಿ, ಅದೊಂದನ್ನು ಮಾರ್ಚ್ 21ರವರೆಗೆ ತಡೆಹಿಡಿದರು. ಒಂದು ತಿಂಗಳು ತಡ ಆದರೆ ಕಾರ್ಖಾನೆಗಳಿಗೆ ಎಷ್ಟು ಒತ್ತಡ ಅಂತ ಊಹಿಸಿ. ಆದರೂ ಸುಮ್ನೆ ಒಂದು ಹೆಸರು ಹೇಳುವುದಕ್ಕಿಂತ ಅದು ಮೇಲು ಅಂತ ನನ್ನ ಅನಿಸಿಕೆ.

ಈಗ ಶೇಕಡಾ ಲೆಕ್ಕದ ಬಗ್ಗೆ. ಹೊಂದಾಣಿಕೆ ಚೆನ್ನಾಗಿದ್ದ ವರ್ಷ ಫ್ಲೂ ಲಸಿಕೆ ರೋಗದ ಅಪಾಯವನ್ನು 40ರಿಂದ 60 ಶೇಕಡಾದಷ್ಟು ಕಡಿಮೆ ಮಾಡುತ್ತದೆ. ದಕ್ಷಿಣ ಅಮೆರಿಕದ ಕೆಲವು ದೇಶಗಳು ಸೇರಿ ಆಸ್ಪತ್ರೆ ಸೇರುವ ಅಪಾಯದ ಲೆಕ್ಕ ಹಾಕುತ್ತವೆ. 2023ರಲ್ಲಿ ಅದು ಸುಮಾರು 52 ಶೇಕಡಾ ಇಳಿದಿತ್ತು, 2024ರಲ್ಲಿ 35 ಶೇಕಡಾ. 35 ಅಂದರೆ ಕಡಿಮೆ ಅನ್ನಿಸಬಹುದು. ಪರೀಕ್ಷೆಯ ಅಂಕ ನೋಡಿದ ಹಾಗೆ ನೋಡಬೇಡಿ. ಲಸಿಕೆ ಇಲ್ಲದೆ ನೂರು ಜನ ಆಸ್ಪತ್ರೆ ಸೇರುವ ಕಡೆ ಮೂವತ್ತೈದು ಜನ ಮನೆಯಲ್ಲೇ ಉಳಿದರು ಅಂತ ಅರ್ಥ. ಪ್ರತಿ ವರ್ಷ ಜಗತ್ತಿನಲ್ಲಿ ಫ್ಲೂವಿನಿಂದ ಉಸಿರಾಟದ ತೊಂದರೆಯಾಗಿ ಸಾಯುವವರು 2,90,000ದಿಂದ 6,50,000 ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆ ಲೆಕ್ಕದ ಎದುರು ಮೂವತ್ತೈದು ಸಣ್ಣದಲ್ಲ.

2025ರಲ್ಲೂ ಇದೇ ಪಾಠ. ದಕ್ಷಿಣದ ಚಳಿಗಾಲ ಮುಗಿಯುವ ಹೊತ್ತಿಗೆ ಎಚ್3ಎನ್2ನ ಹೊಸ ಉಪಕವಲು ಕಾಣಿಸಿತು, ಅದಕ್ಕೆ ಕೆ ಅಂತ ಹೆಸರಿಟ್ಟರು. ಉತ್ತರದ ಪಟ್ಟಿ ಫೆಬ್ರವರಿಯಲ್ಲೇ ಮುಗಿದಿತ್ತು. ಲಸಿಕೆ ಹೊಂದುವುದಿಲ್ಲ ಅಂತ ಸುದ್ದಿ ಹಬ್ಬಿತು. ಇಂಗ್ಲೆಂಡಿನ ಮೊದಲ ಲೆಕ್ಕ ಬಂದಾಗ, ಆಸ್ಪತ್ರೆಗೆ ಹೋಗಬೇಕಾಗುವ ಅಪಾಯ ಮಕ್ಕಳಲ್ಲಿ 70ರಿಂದ 75 ಶೇಕಡಾ, ದೊಡ್ಡವರಲ್ಲಿ 30ರಿಂದ 40 ಶೇಕಡಾ ಕಡಿಮೆಯಾಗಿತ್ತು. ಪ್ರಯೋಗಾಲಯದಲ್ಲಿ ಹೊಂದದ ಲಸಿಕೆಯೂ ದೇಹದಲ್ಲಿ ಒಂದಷ್ಟು ಕೆಲಸ ಮಾಡುತ್ತದೆ. ಲಸಿಕೆಯೊಳಗೆ ಒಂದೇ ತಳಿ ಇರುವುದಿಲ್ಲ ಅನ್ನುವುದನ್ನೂ ನೆನಪಿಡಿ. ಒಂದು ಎಚ್1ಎನ್1, ಒಂದು ಎಚ್3ಎನ್2, ಒಂದು ಬಿ ಬಗೆಯದ್ದು.

ಮೊದಲು ಬಿ ಬಗೆಯವು ಎರಡಿದ್ದವು, ವಿಕ್ಟೋರಿಯಾ ಮತ್ತು ಯಮಗಾಟ. ಕೋವಿಡ್ ಬಂದು ಜನ ಮನೆಯೊಳಗೆ ಉಳಿದಾಗ ಫ್ಲೂ ಎಲ್ಲ ಕಡೆ ಕುಸಿಯಿತು. 2020ರ ಮಾರ್ಚ್ ನಂತರ ಯಮಗಾಟ ಹರಡುತ್ತಿರುವುದು ಖಚಿತವಾಗಿ ಎಲ್ಲೂ ಕಂಡಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ, ಇನ್ನು ಅದನ್ನು ಲಸಿಕೆಯಲ್ಲಿ ಸೇರಿಸುವ ಅಗತ್ಯ ಇಲ್ಲ ಅಂತ ತಜ್ಞರು ಹೇಳಿದರು. ನಾಲ್ಕು ತಳಿಯ ಲಸಿಕೆ ಮತ್ತೆ ಮೂರು ತಳಿಯದ್ದಾಗುತ್ತಿದೆ.

ಕೊನೆಯದಾಗಿ, ಭೂಮಧ್ಯರೇಖೆಯ ಆಸುಪಾಸಿನ ದೇಶಗಳು. ಅಲ್ಲಿ ನಡುಗಿಸುವ ಚಳಿಗಾಲವೇ ಇಲ್ಲ. ಫ್ಲೂ ವರ್ಷವಿಡೀ ಇರುತ್ತದೆ, ಎಷ್ಟೋ ಕಡೆ ಮಳೆಗಾಲದಲ್ಲಿ ಏರುತ್ತದೆ. ಅವರು ಉತ್ತರದ ಲಸಿಕೆ ತೆಗೆದುಕೊಳ್ಳಬೇಕೋ ದಕ್ಷಿಣದ್ದೋ? ನಕ್ಷೆ ನೋಡಿ ಇದನ್ನು ಹೇಳಲು ಆಗುವುದಿಲ್ಲ. ತಮ್ಮಲ್ಲಿ ಫ್ಲೂ ಯಾವ ತಿಂಗಳಲ್ಲಿ ಏರುತ್ತದೆ ಅಂತ ನೋಡಿ, ಅದಕ್ಕೆ ಮುಂಚೆ ಸಿಗುವ ಹೊಸ ಲಸಿಕೆಯನ್ನು ಆರಿಸಿಕೊಳ್ಳಬೇಕು. ಹಾಗಾಗಿ ರೇಖೆಯ ಉತ್ತರಕ್ಕಿರುವ ದೇಶ ದಕ್ಷಿಣದ ಲಸಿಕೆ ಬಳಸುವುದರಲ್ಲಿ ತಪ್ಪೇನಿಲ್ಲ. ಅದಕ್ಕೂ ತಿಂಗಳು ತಿಂಗಳ ಮಾದರಿ ಬೇಕು. ಮಾದರಿ ತೆಗೆಯದ ದೇಶಕ್ಕೆ ತನ್ನ ಫ್ಲೂ ಕಾಲ ಯಾವುದು ಅನ್ನುವುದೇ ಗೊತ್ತಾಗುವುದಿಲ್ಲ.

ನಿಮ್ಮ ಲಸಿಕೆಯ ಪೆಟ್ಟಿಗೆಯ ಮೇಲೆ ಒಮ್ಮೆ ಕಣ್ಣಾಡಿಸಿ. ಯಾವ ಅರ್ಧಗೋಳದ್ದು, ಯಾವ ವರ್ಷದ್ದು ಅಂತ ಬರೆದಿರುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ತಳಿಗಳು ಸಿಕ್ಕ ಜಾಗಗಳ ಹೆಸರು. ಚುಚ್ಚಿಸಿಕೊಂಡ ಮೇಲೆ ದೇಹ ಸಿದ್ಧವಾಗಲು ಸುಮಾರು ಎರಡು ವಾರ ಬೇಕು, ಆ ಲೆಕ್ಕ ಹಿಡಿದು ಹೊರಡಿ. ಚಳಿಗಾಲ ಇರುವ ಇನ್ನೊಂದು ಅರ್ಧಕ್ಕೆ ಪ್ರಯಾಣ ಹೊರಟಿದ್ದರೆ ವೈದ್ಯರನ್ನು ಮೊದಲೇ ಕೇಳಿ. ಇಲ್ಲಿ ಬೇಸಿಗೆ ಇರುವಾಗ ಅಲ್ಲಿ ಫ್ಲೂ ಏರುತ್ತಿರಬಹುದು.

ನಮಸ್ಕಾರ.