ದಾರಿಯಲ್ಲಿ ಎದುರಾದ ಭಿಕ್ಷು

ಕೇಳುಗರೆಲ್ಲರಿಗೂ ನಮಸ್ಕಾರ.

1960ರ ದಶಕದ ನಡುವಿನ ಮಾತು. ರಾಬರ್ಟ್ ಜ್ಯಾಕ್‌ಮನ್ ಎಂಬ ಅಮೆರಿಕನ್ನರೊಬ್ಬರು ಪೀಸ್ ಕೋರ್ ಎಂಬ ಅಮೆರಿಕ ಸರ್ಕಾರದ ಸ್ವಯಂಸೇವಾ ಸಂಸ್ಥೆಯ ಕಡೆಯಿಂದ ಬೋರ್ನಿಯೊ ದ್ವೀಪಕ್ಕೆ ಹೋಗಿ ಇಂಗ್ಲಿಷ್ ಕಲಿಸುತ್ತಿದ್ದರು. ರಜೆಗೆಂದು ಸಿಂಗಾಪುರಕ್ಕೆ ಬಂದಾಗ ಒಂದು ದಿನ ರಸ್ತೆಬದಿಯ ಕೆಫೆಯಲ್ಲಿ ಕೂತಿದ್ದರು. ಕಣ್ಣೆದುರೇ ಒಬ್ಬ ಬೌದ್ಧ ಭಿಕ್ಷು ನಡೆದು ಹೋದರು. ಇದೇನೋ ಚೆನ್ನಾಗಿದೆಯಲ್ಲ ಅಂತ ಇವರಿಗೆ ಅನ್ನಿಸಿತು. ಆದದ್ದು ಅಷ್ಟೇ. ಮಾತಿಲ್ಲ, ಪರಿಚಯವಿಲ್ಲ.

ಬುದ್ಧನ ಹೆಸರು ಅವರಿಗೆ ಹೊಸದೇನಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಏಷ್ಯಾದ ಬಗ್ಗೆ ಎಂ.ಎ. ಓದಿದವರು ಅವರು. ಪುಸ್ತಕದಲ್ಲಿ ಇದ್ದದ್ದು ಆ ದಿನ ಬೀದಿಯಲ್ಲಿ ನಡೆದು ಹೋಯಿತು. 1966ರಲ್ಲಿ ಅವರು ಥಾಯ್ಲೆಂಡಿನ ನೋಂಗ್ ಖಾಯ್‌ನಲ್ಲಿ ಶ್ರಾಮಣೇರರಾದರು, ಅಂದರೆ ಭಿಕ್ಷುವಾಗುವ ಮೊದಲಿನ ಕಿರಿಯ ದೀಕ್ಷೆ ಪಡೆದರು. ಮರುವರ್ಷ ಭಿಕ್ಷುವಾದರು. ಇಂದು ಜಗತ್ತು ಅವರನ್ನು ಅಜಾನ್ ಸುಮೇಧೋ ಎಂದು ಬಲ್ಲದು. ಅಜಾನ್ ಅಂದರೆ ಥಾಯ್ ಭಾಷೆಯಲ್ಲಿ ಗುರು.

ಇದನ್ನು ಕೇಳಿದಾಗ ನನಗೆ ಎರಡೂವರೆ ಸಾವಿರ ವರ್ಷ ಹಿಂದಿನ ರಾಜಗೃಹ ನೆನಪಾಗುತ್ತದೆ. ಉಪತಿಷ್ಯ ಎಂಬ ತರುಣ ಆಗ ಸಂಜಯ ಎಂಬ ಗುರುವಿನ ಬಳಿ ಇದ್ದ. ಒಂದು ಬೆಳಿಗ್ಗೆ ಅಸ್ಸಜಿ ಎಂಬ ಭಿಕ್ಷು ಭಿಕ್ಷೆಗೆ ಹೊರಟಿದ್ದನ್ನು ನೋಡಿದ. ತಗ್ಗಿಸಿದ ನೋಟ, ಆತುರವಿಲ್ಲದ ಹೆಜ್ಜೆ. ಇವರ ಗುರು ಯಾರಿರಬಹುದು ಅಂತ ಕುತೂಹಲ ಹುಟ್ಟಿತು. ಆದರೂ ನಡುವೆ ತಡೆದು ಮಾತಾಡಿಸಲಿಲ್ಲ. ಹಿಂದೆ ಹಿಂದೆಯೇ ನಡೆದ. ಭಿಕ್ಷೆ ಮುಗಿದ ಮೇಲೆ ಹತ್ತಿರ ಹೋಗಿ ಕೇಳಿದ.

ಅಸ್ಸಜಿ ಏನೆಂದರು ಗೊತ್ತಾ? ನಾನು ಹೊಸಬ, ವಿವರವಾಗಿ ಹೇಳಲಾರೆ, ಸಾರ ಮಾತ್ರ ಹೇಳಬಲ್ಲೆ ಎಂದರು. ಕಾರಣದಿಂದ ಹುಟ್ಟಿದವುಗಳ ಕಾರಣವನ್ನೂ, ಅವು ಹೇಗೆ ಇಲ್ಲವಾಗುತ್ತವೆ ಎಂಬುದನ್ನೂ ನಮ್ಮ ಗುರು ಹೇಳಿದ್ದಾರೆ. ಅಷ್ಟೇ ಸಾರ. ಉಪತಿಷ್ಯನಿಗೆ ಅಷ್ಟೇ ಸಾಕಾಯಿತು. ಮುಂದೆ ಅವನೇ ಸಾರಿಪುತ್ರನಾದ, ಬುದ್ಧನ ಮುಖ್ಯ ಶಿಷ್ಯರಲ್ಲಿ ಒಬ್ಬನಾದ. ಆ ಸಾರವನ್ನು ಹೇಳುವ ಒಂದು ಗಾಥೆಯನ್ನು, ಅಂದರೆ ಪದ್ಯವನ್ನು, ಜನ ಏಷ್ಯಾದ ಉದ್ದಗಲಕ್ಕೂ ಕಲ್ಲಿನ ಮೇಲೆ, ಮಣ್ಣಿನ ಮುದ್ರೆಗಳ ಮೇಲೆ ಬರೆಸಿದರು.

ಆ ಸಾರದಲ್ಲಿ ಅಂಥದ್ದೇನಿದೆ? ಯಾರೋ ಸಂಜೆ ಒಂದು ಮಾತು ಅಂದುಬಿಡುತ್ತಾರೆ. ರಾತ್ರಿಯಿಡೀ ನಮಗೆ ನಿದ್ದೆಯಿಲ್ಲ. ಅಂದವರು ಮರೆತು ಮಲಗಿದ್ದಾರೆ, ಆ ಮಾತೂ ಆಗಲೇ ಮುಗಿದಿದೆ. ಅದನ್ನು ಹಿಡಿದುಕೊಂಡು ಕೂತವರು ನಾವು, ಅಲ್ವಾ? ಹಾಗಾದರೆ ನೋವಿಗೆ ಕಾರಣ ಆ ಮಾತೊಂದೇ ಅಲ್ಲ, ನಮ್ಮ ಹಿಡಿತವೂ ಹೌದು. ಹಿಡಿತ ಸಡಿಲವಾದಷ್ಟು ನೋವೂ ಸಡಿಲ. ಇದನ್ನು ಸುಮ್ನೆ ನಂಬಿ ಎಂದು ಬುದ್ಧ ಹೇಳಲಿಲ್ಲ. ನೀವೇ ನೋಡಿಕೊಳ್ಳಿ ಎಂದ. ಬೇರೆ ನಾಡಿನ, ಬೇರೆ ಭಾಷೆಯ ಮನುಷ್ಯನಿಗೂ ಇದು ತಟ್ಟನೆ ಮುಟ್ಟುವುದು ಅದಕ್ಕೇ ಎಂದು ನನ್ನ ನಂಬಿಕೆ.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಇಂಥ ಭೇಟಿಗಳನ್ನು ನಾವು ಆಕಸ್ಮಿಕ ಎನ್ನುತ್ತೇವೆ. ಆದರೆ ಭಿಕ್ಷುಗಳ ನಿಯಮ ನೋಡಿದರೆ, ಆ ಆಕಸ್ಮಿಕಕ್ಕೆ ಜಾಗ ಮಾಡಿಕೊಟ್ಟೇ ಇಟ್ಟಿದ್ದಾರೆ. ಥಾಯ್ಲೆಂಡಿನಂಥ ನಾಡುಗಳಲ್ಲಿರುವ ಥೇರವಾದ ಎಂಬ ಬೌದ್ಧ ಪದ್ಧತಿಯಲ್ಲಿ ಭಿಕ್ಷು ತನಗೆ ತಾನೇ ಅಡುಗೆ ಮಾಡಿಕೊಳ್ಳುವಂತಿಲ್ಲ. ಹಣ ಮುಟ್ಟುವಂತಿಲ್ಲ. ಇವತ್ತಿನ ಆಹಾರವನ್ನು ನಾಳೆಗೆ ಎತ್ತಿಡುವಂತಿಲ್ಲ. ಮಧ್ಯಾಹ್ನ ಕಳೆದರೆ ಊಟವಿಲ್ಲ. ಭಿಕ್ಷೆಗೆ ಹೋದಾಗ ಬಾಯಿಬಿಟ್ಟು ಬೇಡುವಂತೆಯೂ ಇಲ್ಲ. ಹೀಗಿದ್ದ ಮೇಲೆ ಬೆಳಗಾದರೆ ಪಾತ್ರೆ ಹಿಡಿದು ಜನರ ನಡುವೆ ಬರಲೇಬೇಕು. ಹೇಗೆ ಉಡಬೇಕು, ಹೇಗೆ ನಡೆಯಬೇಕು, ಹೇಗೆ ಉಣ್ಣಬೇಕು ಎಂಬುದಕ್ಕೆಲ್ಲ ಸೇರಿ ಶೇಖಿಯ ಎಂದು ಕರೆಯುವ 75 ನಡವಳಿಕೆಯ ನಿಯಮಗಳಿವೆ. ಕಾಡಿನಲ್ಲಿ ಇರುವವನೂ ಊರಿಗೆ ಬೆನ್ನು ಹಾಕಿ ಬದುಕಲಾರ. ಇದನ್ನು ರೂಪಿಸಿದವರು ಮನುಷ್ಯರನ್ನು ಎಷ್ಟು ಚೆನ್ನಾಗಿ ಬಲ್ಲವರು!

ಸುಮೇಧೋ ಅವರ ಕತೆಯಲ್ಲಿ ಇಂಥ ಇನ್ನೂ ಎರಡು ಭೇಟಿಗಳಿವೆ. ಮೊದಲ ವರ್ಷ ಅವರು ಒಂಟಿಯಾಗಿ ಧ್ಯಾನ ಮಾಡುತ್ತಿದ್ದರು. ಗುರು ಬೇಕು ಅನ್ನಿಸತೊಡಗಿತ್ತು. ಆಗ ಅಲ್ಲಿಗೆ ಬಂದ ಒಬ್ಬ ಭಿಕ್ಷುವಿನಿಂದಾಗಿ ಥಾಯ್ಲೆಂಡಿನ ಉಬೋನ್ ಕಡೆಯ ಕಾಡಿನ ಆಶ್ರಮಕ್ಕೆ, ಅಲ್ಲಿನ ಗುರು ಅಜಾನ್ ಚಾ ಅವರ ಬಳಿಗೆ ಹೋದರು. ಅಲ್ಲಿ ಹತ್ತು ವರ್ಷ ಕಳೆದರು.

ಇನ್ನೊಂದು ಭೇಟಿ ಲಂಡನ್ನಿನದು. 1977ರಲ್ಲಿ ಅಜಾನ್ ಚಾ ಇವರನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದರು. ಹ್ಯಾಂಪ್‌ಸ್ಟೆಡ್‌ನ ಒಂದು ಮನೆಯೇ ವಿಹಾರ. ಮರಳಿ ಹೊರಡುವಾಗ ಇವರನ್ನೂ ಕೆಲವು ಭಿಕ್ಷುಗಳನ್ನೂ ಅಲ್ಲೇ ಬಿಟ್ಟರು. ದಿನಾ ಭಿಕ್ಷೆಗೆ ಹೋಗಬೇಕು ಎಂದು ಹೇಳಿದ್ದರು. ಲಂಡನ್ನಿನಲ್ಲಿ ಭಿಕ್ಷುವಿನ ಪಾತ್ರೆಗೆ ಊಟ ಹಾಕುವವರು ಯಾರು? ಆದರೂ ಹೋಗುತ್ತಿದ್ದರು. ಪಾತ್ರೆ ಖಾಲಿಯೇ ಇದ್ದರೂ ಹೋಗುತ್ತಿದ್ದರು. ಹ್ಯಾಂಪ್‌ಸ್ಟೆಡ್ ಹೀತ್‌ನ ಬಯಲಿನಲ್ಲಿ ಜಾಗಿಂಗ್ ಮಾಡುತ್ತಿದ್ದವರೊಬ್ಬರು ಇವರನ್ನು ಕಂಡು ನಿಂತು ಮಾತಾಡಿಸಿದರು. ಅವರು ಬೌದ್ಧರಲ್ಲ. ಆದರೆ ಸಸೆಕ್ಸ್‌ನಲ್ಲಿ ಹ್ಯಾಮರ್ ವುಡ್ ಎಂಬ ಕಾಡು ಅವರದಾಗಿತ್ತು. ಅದನ್ನು ಮೊದಲಿನಂತೆ ಬೆಳೆಸಬೇಕೆಂಬ ಆಸೆ ಇತ್ತು, ಒಬ್ಬರಿಂದ ಆಗುವ ಕೆಲಸವಾಗಿರಲಿಲ್ಲ. ಸುಮೇಧೋ ನಡೆಸಿದ ಒಂದು ಧ್ಯಾನ ಶಿಬಿರದಲ್ಲಿ ಕೂತು ಬಂದರು. ಆಮೇಲೆ, 1978ರಲ್ಲಿ, ಇಡೀ ಕಾಡನ್ನೇ ಭಿಕ್ಷುಗಳಿಗೆ ದಾನ ಕೊಟ್ಟರು.

ಕಾಡಿನ ಭಿಕ್ಷುಗಳಿಗೆ ಕಾಡು! ಮರುವರ್ಷ ಹತ್ತಿರದ ಚಿತ್‌ಹರ್ಸ್ಟ್‌ನಲ್ಲಿ ಪಾಳುಬಿದ್ದ ದೊಡ್ಡ ಮನೆಯೊಂದನ್ನು ಕೊಂಡು ರಿಪೇರಿಗೆ ನಿಂತರು. 1984ರಲ್ಲಿ ಹರ್ಟ್‌ಫರ್ಡ್‌ಶೈರ್‌ನಲ್ಲಿ ಅಮರಾವತಿ ವಿಹಾರ ಶುರುವಾಯಿತು. ಸುಮೇಧೋ 2010ರವರೆಗೂ ಅದರ ಮುಖ್ಯಸ್ಥರಾಗಿದ್ದರು.

ನಿಮ್ಮಲ್ಲಿ ಯಾರಾದರೂ ಥಾಯ್ಲೆಂಡಿಗೋ ಇಂಗ್ಲೆಂಡಿಗೋ ಹೋದಾಗ ಭಿಕ್ಷು ಎದುರಾದರೆ ಮಾತಾಡಿಸಲು ಹಿಂಜರಿಯಬೇಡಿ. ಭಿಕ್ಷೆಯ ಹೊತ್ತಾಗಿದ್ದರೆ ಮಾತು ಆಮೇಲೆ ಇರಲಿ. ಪಾತ್ರೆಗೆ ಊಟ ಹಾಕಬಹುದು, ಹಣ ಬೇಡ. ಹೆಂಗಸರು ಭಿಕ್ಷುವಿಗೆ ಕೈ ತಾಗದಂತೆ ನೋಡಿಕೊಳ್ಳಬೇಕು. ತಾವಾಗಿ ಅವರು ಬೋಧನೆಗೆ ಇಳಿಯುವುದಿಲ್ಲ, ಕೇಳಿದರೆ ಹೇಳುತ್ತಾರೆ. ಹಾಗಾಗಿ ನಿಮ್ಮನ್ನು ನಿಜವಾಗಿ ಕಾಡುತ್ತಿರುವ ಪ್ರಶ್ನೆಯನ್ನೇ ಕೇಳಿ. ಇನ್ನೂ ಜಾಸ್ತಿ ತಿಳಿಯಬೇಕು ಅನ್ನಿಸಿದರೆ, ಉಬೋನ್ ಹತ್ತಿರ ವಾಟ್ ಪಾ ನಾನಾಚಾಟ್ ಇದೆ. ಹೊರನಾಡಿನವರಿಗೆಂದೇ 1975ರಲ್ಲಿ ಶುರುವಾದ ಆಶ್ರಮ ಅದು, ಅಲ್ಲಿ ಇಂಗ್ಲಿಷ್ ನಡೆಯುತ್ತದೆ. ಅಲ್ಲೂ ಅಮರಾವತಿಯಲ್ಲೂ ಬೋಧನೆಗೆ ಶುಲ್ಕ ಇಲ್ಲ.

ನಮಸ್ಕಾರ.